ತಿಪ್ಪೆಗೆ ಹಾಕಿದ ತಗಡಿನ ಕೂಸು

“ಹಲೋ… ಹಲೋ! ಯಾರು? ಯಾರಪ್ಪಾ ಮಾತಾಡೋದು?”

ಟೆಲಿಫೋನೆಂದರೆ ಗಂಟಲು ಹರಿಯುವಂತೆ ಕೂಗಬೇಕು ಎಂದೇ ಕೊಟ್ರಮ್ಮ ತಿಳಿದಿದ್ದಳು. ಆದೋನಿಯಲ್ಲಿ ತಮ್ಮದೇ ಆದ, ಹತ್ತಿ ಬಿಡಿಸುವ ಜಿನ್ನಿನ ಆಫೀಸಿನಲ್ಲಿ, ಗುಮಾಸ್ತ ಸುಂಕಪ್ಪನ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಆಕೆ ಕೂಗಿದ ಕೂಗಿಗೆ, ಹೊರಗೆ ಹತ್ತಿ ಇಳಿಸುತ್ತಿದ್ದ ಹಮಾಲರೂ ತಿರುಗಿ ನೋಡಿದರು. ಬಾಗಿಲ ಮರೆಯಲ್ಲಿ ಸೊಸೆ ಅಕ್ಕನಾಗಮ್ಮ ತಲೆಯ ತುಂಬ ಸೆರಗು ಹೊದ್ದು ನಿಂತಿದ್ದಳು.

“ಬಸಪ್ಪನಾ? ಹಾಂ, ನಿಮ್ಮವ್ವನ ಅದೀನಿ. ಉಂಡ್ಯಾ ಮಗಾ?… ಉಣ್ಣಲಿಲ್ಲಾ? ಯಾಕ, ಬೊಂಬಾಯ್ಯಾಗ ಜ್ವಾಳ ಸಿಗಂಗಿಲ್ಲೇನು?”

ಮಗ ಮರಿಬಸಪ್ಪ ಬೊಂಬಾಯಿಗೆ ಹೋಗಿ ತಿಂಗಳುಗಳೇ ಆಗಿದ್ದವು. ಹತ್ತಿ ಧಾರಣೆ ನೋಡಿ ಬರುತ್ತೇನೆ ಎಂದು ಊರಿಗೆಲ್ಲ ಹೇಳಿ ಹೋಗಿದ್ದ. ಧಾರಣೆ ನೋಡಲು ಅಷ್ಟು ದಿನ ಬೇಕಿಲ್ಲ ಎಂಬುದು ಕೊಟ್ರಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ತನ್ನ ಒಬ್ಬನೇ ಮಗ, ನಾಲ್ಕು ವರ್ಷದ ಪಂಪಣ್ಣ, ಜ್ವರದಲ್ಲಿ ತೀರಿಕೊಂಡ ಮೇಲೆ ಅವನಿಗೆ ಮನೆಯ ಹೊಸ್ತಿಲೇ ಬೇಡವಾಗಿತ್ತು. ಯುದ್ಧ ಮುಗಿದು ವಿಲಾಯತಿ ಸಾಮಾನು ಮತ್ತೆ ಬರತೊಡಗಿದ್ದೇ ತಡ, ಕೀಲಿ ಕೊಟ್ಟರೆ ನಡೆದಾಡಿ ಕೈಯೆತ್ತುವ ತಗಡಿನ ಹುಡುಗನೊಂದನ್ನು ಹುಡುಕಿ ರೈಲು ಪಾರ್ಸಲಿನಲ್ಲಿ ಕಳಿಸಿದ್ದ. ಅದು ಹೆಂಡತಿಗೆ ಮಗನ ಜಾಗದಲ್ಲಿರಲಿ ಎಂಬುದು ಅವನ ಎಣಿಕೆ.

“ಗೊಂಬಿನಾ? ಬಂತಪ್ಪಾ, ಬರಾಬರ್ ಬಂತು… ಹಾಂ, ನಡೀತೈತಿ. ಕಿರ್‌ಕಿರ್ ಅನಕೊಂತ ಹೋಗಿ ಗ್ವಾಡಿಗೆ ಮಾರಿ ಹಚ್ಚಿ ನಿಂತು ಅಲ್ಲೇ ಕಾಲು ಆಡಸ್ತೈತಿ. ನಿನ್ನಂಗ ಅದಕ್ಕೂ ಮನಿ ಬಾಗಲ ಗೊತ್ತಾಗಂಗಿಲ್ಲ… ಏನು? ನಗ್ತೀನಾ? ನಗದ ಏನ್ ಮಾಡ್ಲಿ?”

…

“ಹಾಂ?… ಜ್ವರ ಬರಂಗಿಲ್ಲಾ?… ಸಾಯಂಗೇ ಇಲ್ಲಾ? ಅಲ್ಲೋ ಬಸಪ್ಪಾ, ನಮ್ಮ ಒಳಕಲ್ಲೂ ಸಾಯಂಗಿಲ್ಲ, ಅದನ್ನ ತೊಟ್ಲಾಗ ಹಾಕಿ ತೂಗಲ್ಯಾ? ನಮ್ಮ ಪಂಪಣ್ಣ ಬೆಲ್ಲ ಕದ್ದು ತಿಂದು, ಬಾಯಿ ಒರಸ್ಕೊಂಡು, ನಾ ತಿಂದಿಲ್ಲ ಅಂತ ಆಣಿ ಇಡ್ತಿದ್ದ. ನಿನ್ನ ಗೊಂಬಿ ಮುಂದ ಬೆಲ್ಲದ ಗಡಿಗಿ ತೆರದಿಟ್ಟು, ನಾನು ಮರೀಗೆ ನಿಂತು ನೋಡಿದೆ. ಒಂದು ಚೂರೂ ಮುಟ್ಟಲಿಲ್ಲ. ಅಂಥಾ ಒಳ್ಳೇ ಹುಡುಗ ನಮ್ಮ ವಂಶದಾಗ ಯಾವಾಗ ಹುಟ್ಟ್ಯಾನ, ಹೇಳು?… ಬೆಲ್ಲನಾ? ಇರುವಿ ತಿಂದ್ವು.”

…

“ನಾಗಮ್ಮನಾ?”

ಕೊಟ್ರಮ್ಮ ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದೆನೆಂದು ಆಕೆ ಅಂದುಕೊಂಡಳು. ಹಮಾಲರಿಗೆ ಕೇಳಿಸುತ್ತಲೇ ಇತ್ತು.

“ಆಕಿ ಅನ್ನಕ್ಕ ತುಪ್ಪ ಕಲಸಿ, ತುತ್ತು ಮಾಡಿ, ಅದರ ಬಾಯಿಗೆ ಹಿಡದ್ಲು. ತಗಡಿನ ಬಾಯಿ, ಹ್ಯಾಂಗ ತೆರೀತೈತಿ? ಕೈಯಾಗಿನ ತುತ್ತು ಕೈಯಾಗ ಆರಿಹೋತು. ಅವತ್ತಿಂದ ಆಕೀನೂ ಬಾಯಿ ಬಿಟ್ಟಿಲ್ಲ. ನನಗ ನೋಡಾಕ ಆಗಲಿಲ್ಲಪ್ಪಾ. ಅದಕ್ಕ ಗೊಂಬೀನ ತಿಪ್ಪಿಗೆ ಹಾಕಿಬಿಟ್ಟೆ… ಚೀರಬ್ಯಾಡ! ಒಗದಿಲ್ಲೋ, ಪದ್ಧತಿ ಪ್ರಕಾರ ಹಾಕೀನಿ.”

ಕೂಸು ಕಳೆದುಕೊಂಡ ಮನೆಯವರು ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸುವುದು, ಯಾರೋ ಒಬ್ಬಳು ಎತ್ತಿಕೊಂಡು ಹೋಗುವುದು, ಹೆತ್ತವರು ಅವಳಿಗೆ ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡು ತರುವುದು ಆ ಸೀಮೆಯ ರೂಢಿ. ತೌಡಿಗೆ ಸಿಕ್ಕ ಕೂಸಿನ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲವಂತೆ. ಕೊಟ್ರಮ್ಮ ಅದೇ ಶಾಸ್ತ್ರವನ್ನು ಗೊಂಬೆಗೆ ಮಾಡಿದ್ದಳು. ಎತ್ತಿಕೊಂಡು ಹೋದವಳು ಕುರಿ ಕಾಯುವ ಪಕೀರಮ್ಮ. ತಿಪ್ಪೆಯ ಪಕ್ಕ ನಿಂತು ಇಬ್ಬರೂ ಸೆರಗು ಕಚ್ಚಿಕೊಂಡು ನಕ್ಕಿದ್ದರು.

“ಈಗ ಅದು ಪಕೀರಮ್ಮನ ಕೂಸು. ಕುರಿಹಟ್ಟ್ಯಾಗ ಐತಿ. ಕೀಲಿ ಕೊಟ್ರ ಟಗರು ಗುದ್ದಾಕ ಬರ್ತೈತಂತ… ತೌಡಾ? ನಾನು ಕೊಟ್ರ ನಡ್ಯಂಗಿಲ್ಲಪ್ಪಾ. ಅಪ್ಪ ಆದಂವನೇ ಮೊರ ಹೊತ್ಕೊಂಡು ಬರಬೇಕಂತ. ಪಕೀರಮ್ಮ ಖಡಕ್ಕಾಗಿ ಹೇಳ್ಯಾಳ… ಹಾಂ, ಸುಂಕಪ್ಪನ ಕೈಲಿ ಕಳಸಿದ್ರೂ ನಡ್ಯಂಗಿಲ್ಲ. ರೂಢಿ ಅಂದ್ರ ರೂಢಿ.”

ಅಪ್ಪನೇ ಬರಬೇಕೆಂಬ ಈ ರೂಢಿಯನ್ನು ಕೊಟ್ರಮ್ಮ ಅಂದು ಬೆಳಗ್ಗೆ ತಾನೇ ಹುಟ್ಟಿಸಿದ್ದಳು. ಗೊಂಬೆಯ ನೆವದಿಂದಲಾದರೂ ಮಗ ಮನೆಗೆ ಬರಲಿ ಎಂಬುದೊಂದೇ ಆಕೆಯ ಹಂಚಿಕೆ. ಸುಳ್ಳು ಸಲೀಸಾಗಿ ನಡೆಯಿತೆಂದು ಸುಂಕಪ್ಪನತ್ತ ಕಣ್ಣು ಹೊಡೆಯುತ್ತಿರುವಾಗಲೇ ಲೈನಿನ ನಡುವೆ ಎಕ್ಸ್‌ಚೇಂಜಿನವನು ತೂರಿಕೊಂಡ. ಟೈಮಾಯಿತೆಂದ ಅವನನ್ನು ತೆಲುಗಿನಲ್ಲೇ ಗದರಿಸಿ, ಇನ್ನೊಂದು ನಿಮಿಷ ತಡೆಯೆಂದು ಆಕೆ ಅಂಗಲಾಚಿದಳು.

“ಎವರಯ್ಯಾ ನುವ್ವು ಮಧ್ಯಲೋ?… ಟೈಮ್ ಅಯಿಪೋಯಿಂದಾ? ಒಕ್ಕ ನಿಮಿಷಂ ಉಂಡು ಬಾಬೂ!… ಏನು? ಗುಂತಕಲ್ಲಾ? ಈ ಫೋನು ಗುಂತಕಲ್ಲಿಂದ ಅಂತೀಯಾ?”

…

“ಬಸಪ್ಪಾ, ನೀನು ಗುಂತಕಲ್ಲಾಗ ಅದಿಯಾ?… ಬೊಂಬಾಯ್ಯಾಗ ರೈಲು ಹತ್ತಿದೆ ಅಂದ್ರ, ಅದು ಆದೋನಿ ದಾಟೇ ಅಲ್ಲಿಗೆ ಹೋಗಬೇಕಲ್ಲೋ… ಹಾಂ… ಇಲ್ಲಿ ನಿಂತಿತ್ತಾ?… ನಿದ್ದಿ ಬಂದಿತ್ತೇನು?… ಇಲ್ಲಾ?… ಎಚ್ಚರಿದ್ದು ಇಳೀಲಿಲ್ಲಾ?… ಡಬ್ಬಿ ಬಾಗಲದ ತನಕ ಬಂದು… ಹಾಂ… ಪ್ಲಾಟ್‌ಫಾರಂ ಮ್ಯಾಲ ಓಡಿ ಬರೋ ಹುಡುಗ ಇಲ್ಲಂತ…”

ಮರಿಬಸಪ್ಪ ಪರವೂರಿನಿಂದ ಬಂದಾಗಲೆಲ್ಲ ಪಂಪಣ್ಣ ಅಜ್ಜಿಯ ಕೈ ಬಿಡಿಸಿಕೊಂಡು, ಪ್ಲಾಟ್‌ಫಾರಂ ಉದ್ದಕ್ಕೂ ಓಡಿಹೋಗಿ ಅಪ್ಪನ ಧೋತರ ಹಿಡಿಯುತ್ತಿದ್ದ. ಕೊಟ್ರಮ್ಮನಿಗೆ ದುಃಖ ಒತ್ತರಿಸಿ ಬಂತು. ಇಷ್ಟು ದಿನ ಮಗನನ್ನು ಕಲ್ಲು ಮನಸ್ಸಿನವನೆಂದು ಬೈದುಕೊಂಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

“ಅಳು ಮಗಾ, ಅಳು. ಅಳಬ್ಯಾಡ ಅನ್ನಂಗಿಲ್ಲ ನಾನು…”

ಬಾಗಿಲ ಮರೆಯಿಂದ ಅಕ್ಕನಾಗಮ್ಮ ಬಂದದ್ದು ಆಕೆಗೆ ಗೊತ್ತೇ ಆಗಲಿಲ್ಲ. ಅತ್ತೆಯ ಎದುರಿಗೆ ಗಂಡನ ಜೊತೆ ಒಂದು ಮಾತೂ ಆಡಿದವಳಲ್ಲ. ಈಗ ಅತ್ತೆಯ ಕೈಯಿಂದಲೇ ರಿಸೀವರು ಕಸಿದುಕೊಂಡು ತಲೆಕೆಳಗಾಗಿ ಹಿಡಿದಳು. ಸುಂಕಪ್ಪ ಅದನ್ನು ತಿರುಗಿಸಿಕೊಟ್ಟ.

“ನಾನ್ರೀ… ಹಾಂ, ನಾನ… ಸಂಜಿಗೆ ಇತ್ಲಾಗ ಬರೋ ಗಾಡಿ ಐತಂತಲ್ರಿ, ಅದನ್ನ ಹತ್ತರಿ… ಗೊಂಬೀದು ಬಿಡ್ರಿ, ಪಕೀರಮ್ಮ ಇಟ್ಕೊಳ್ಳಿ… ನಾನು ಸ್ಟೇಷನ್ನಿಗೆ ಬಂದು ನಿಂದರ್ತೀನಿ… ಯಾರೇನರ ಅನ್ಲಿ. ಅತ್ತಿನೂ ಅನ್ಲಿ, ಇಲ್ಲೇ ಬಾಯಿ ತಕ್ಕೊಂಡು ಕುಂತಾರ… ನೀವು ಬರೇ ಇಳೀರಿ ಸಾಕು. ಓಡಿ ಬರೋರು ಇಲ್ಲ ಅಂತ ಯಾಕಂತೀರಿ? ನಾನ ಓಡಿ ಬರ್ತೀನಿ… ಕೇಳಸ್ತೇನ್ರಿ? ನಾನ ಓಡಿ… ಹಲೋ… ಹಲೋ…”

ಲೈನು ಕಡಿದುಹೋಯಿತು.