ಮಲ್ಲಿಗೆ ಮೊಗ್ಗಿನ ಬಣ್ಣದ ಹಲ್ಲು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯನ್ನು ತುಂಬಿರುವ ಅಧ್ಯಕ್ಷರಾದ ಅಂದಾನಿಯವರೇ, ಅವರ ಪಕ್ಕದಲ್ಲಿ ಕುಳಿತು ಆಗಲೇ ಕೈಗಡಿಯಾರ ನೋಡುತ್ತಿರುವ ಕಾರ್ಯದರ್ಶಿ ವಿಷ್ಣುತೀರ್ಥರೇ, ಈ ತಮಿಳು ಊರಿನಲ್ಲಿ ನಮ್ಮ ಕನ್ನಡ ಬಳಗ ಕಟ್ಟಿದ ಹಿರಿಯರೇ, ತಾಯಂದಿರೇ, ಒಳಗಿನಿಂದ ಬರುತ್ತಿರುವ ಬಿಸಿಬೇಳೆಬಾತಿನ ವಾಸನೆಯ ಕಡೆಗೆ ಮುಖ ತಿರುಗಿಸಿರುವ ಸಭಿಕರೇ,

ವಾರ್ಷಿಕೋತ್ಸವದಲ್ಲಿ ಮಾತನಾಡಲು ನನ್ನನ್ನು ಯಾರೂ ಕರೆದಿಲ್ಲ. ಕರೆಯಬೇಕಿತ್ತು. ದಾವಣಗೆರೆ ಹತ್ತಿರದ ನಮ್ಮ ಹಳ್ಳಿ ಶಾಲೆಯಲ್ಲಿ ನಾನು ಓದಿದಷ್ಟು ವರ್ಷವೂ ಭಾಷಣದ ಬಹುಮಾನ ನನಗೇ ಬಂದಿದೆ. ಬೇರೆ ಯಾರೂ ಭಾಷಣಕ್ಕೆ ನಿಲ್ಲುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಊಟಕ್ಕೆ ಮೊದಲು ಇವತ್ತು ಒಂದು ತೀರ್ಮಾನ ಆಗಬೇಕು. ಈ ಸಭಾಂಗಣದ ಕೆಳಗಿರುವ ಖಾಲಿ ಕೋಣೆಯನ್ನು ನನ್ನ ತಂಗಿಯ ಮಗಳು, ಹಲ್ಲಿನ ಡಾಕ್ಟರು ಭವಾನಿಗೆ ದವಾಖಾನೆ ಇಡಲು ಕೊಡಬೇಕೋ ಬೇಡವೋ? ಆಕೆ ಈಗ ಬೇರೆಯವರ ದವಾಖಾನೆಯಲ್ಲಿ, ಅವರ ಕುರ್ಚಿ ಖಾಲಿ ಇದ್ದ ಹೊತ್ತಿನಲ್ಲಿ ಕೆಲಸ ಮಾಡುತ್ತಾಳೆ. ಅವರೂ ಈ ತಿಂಗಳಿಗೆ ಜಾಗ ಬಿಡು ಎಂದಿದ್ದಾರೆ. ಈ ಕೋಣೆ ಸಿಗದಿದ್ದರೆ ಆಕೆ ಸಾಮಾನು ಕಟ್ಟಿಕೊಂಡು ಊರಂಚಿನ ಮಾಧವರಂ ದಾಟಿ ಎಲ್ಲಿಗೋ ಹೋಗಬೇಕು. ಕಾರ್ಯದರ್ಶಿಗಳು ಕಳೆದ ಸಭೆಯಲ್ಲೇ ತಮ್ಮ ಅಭಿಪ್ರಾಯ ತಿಳಿಸಿದ್ದಾರೆ. “ಹಲ್ಲುನೋವಿಗೆ ಮರುಂದು ಕೊಡಲಿ, ಬೇಡಾನ್ನಲ್ಲ. ಹಲ್ಲಿಗೆ ಸಿಂಗಾರ ಮಾಡೋ ಅಂಗಡಿ ನಮ್ಮ ಬಳಗಕ್ಕೆ ಯಾಕೆ ಸ್ವಾಮಿ? ವಯಸ್ಸಾದವರು ಬಾಯಿ ಮುಚ್ಕೊಂಡಿದ್ರೆ ಆಯ್ತಪ್ಪ” ಎಂದರು. ಮಾನ್ಯರೇ, ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗದ ಕೆಲಸ. ಆದ್ದರಿಂದ ಎದ್ದು ನಿಂತಿದ್ದೇನೆ.

ಪುರಸೈವಾಕ್ಕಂನ ಈ ಬೀದಿಯಲ್ಲಿ ನನ್ನ, ಈ ಗಂಗಾಧರಪ್ಪನ, ಜವಳಿ ಅಂಗಡಿಯನ್ನು ಅರಿಯದವರು ಯಾರು? ಜವಳಿಯವನ ಮುಂದಿನ ಹಲ್ಲು ಎಂದರೆ ಏನೆಂದುಕೊಂಡಿರಿ? ಅದು ಅವನ ಕತ್ತರಿ. ರವಿಕೆ ಬಟ್ಟೆಯನ್ನು ಅಳೆದು, ಅಂಚನ್ನು ಹಲ್ಲಿಗೆ ಕೊಟ್ಟು ಒಂದು ಕಚ್ಚು ಹಾಕಿ, ಎರಡು ಕೈಯಲ್ಲಿ ಎಳೆದರೆ ಪರ್ರನೆ ಗೆರೆ ಹೊಡೆದಂತೆ ಹರಿಯಬೇಕು. ಆ ಸದ್ದು ಕೇಳುವುದಕ್ಕೇ ಇನ್ನೊಂದು ತುಂಡು ಕೊಳ್ಳುತ್ತಿದ್ದ ಗಿರಾಕಿಗಳಿದ್ದರು. ಹೀಗಿರುವಾಗ ಹೋದ ವರ್ಷ ಸೂರತ್ತಿನಿಂದ ಒಂದು ಹೊಸ ಮಾಲು ಬಂತು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಮಗ ವೀರೇಶ್ “ಅಪ್ಪಾ, ಇದಕ್ಕೆ ಕತ್ತರಿ ತಗೋರಿ” ಅಂದ. ಗಿರಾಕಿಯ ಎದುರು ಕತ್ತರಿ ಹಿಡಿಯುವವನೇ ನಾನು? ಕಚ್ಚಿ ಎಳೆದೆ. ಬಟ್ಟೆ ಹರಿಯಲಿಲ್ಲ, ಹಲ್ಲು ಮುರಿಯಿತು. ಬಟ್ಟೆ ಕೊಳ್ಳಲು ಬಂದಿದ್ದ ಹೆಂಗಸು ಕೆಳಗೆ ಬಿದ್ದ ಚೂರನ್ನು ಎತ್ತಿಕೊಟ್ಟು “ಅಣ್ಣಾಚ್ಚಿ, ಉಂಗ ಬಟನ್ ವಿಳುಂದಿಡುಚ್ಚು” ಅಂದಳು, ನನ್ನ ಅಂಗಿಯ ಗುಂಡಿ ಬಿತ್ತೆಂದು ತಿಳಿದು. ಬಟ್ಟೆ ಗಟ್ಟಿ ಎಂದು ಖಾತ್ರಿಯಾಗಿ ಅದನ್ನೇ ಕೊಂಡು ಹೋದಳು.

ಮುರಿದ ಹಲ್ಲಿನ ಆ ದಿನಗಳಲ್ಲಿ ನಾನು ಹಿಂದಿನ ಗೋದಾಮಿನಲ್ಲಿ ಕುಳಿತಿರುತ್ತಿದ್ದೆ. ಯಾರು ಕೇಳಿದರೂ ಸ್ಟಾಕ್ ನೋಡುತ್ತಿದ್ದೇನೆ ಎಂದು ಒಳಗಿಂದಲೇ ಕೂಗುತ್ತಿದ್ದೆ. ಸ್ಟಾಕು ಎಲ್ಲಿಗೂ ಹೋಗಿರಲಿಲ್ಲ. ಹೋಗಲಿ, ಅದು ಇಲ್ಲಿಗೆ ಬೇಡದ ವಿಷಯ.

ಭವಾನಿ ನನ್ನನ್ನು ಒರಗು ಕುರ್ಚಿಯಲ್ಲಿ ಮಲಗಿಸಿ ಚಿಕಿತ್ಸೆಯ ಬಗೆಗಳನ್ನು ಬಿಡಿಸಿ ಹೇಳಿದಳು. ಹಲ್ಲು ಬೇರುಸಮೇತ ಹೋಗಿದ್ದರೆ ದವಡೆಯ ಮೂಳೆಗೆ ಸ್ಕ್ರೂ ಇಳಿಸಿ ಅದರ ಮೇಲೆ ಹೊಸ ಹಲ್ಲು ಕೂರಿಸಬಹುದು, ಅದು ಇಂಪ್ಲಾಂಟು. ಅಕ್ಕಪಕ್ಕದ ಹಲ್ಲುಗಳನ್ನು ಸವೆಸಿ, ನಡುವಿನದನ್ನು ಅವುಗಳ ಹೆಗಲಿಗೆ ಹೊರಿಸಿದರೆ ಅದು ಬ್ರಿಡ್ಜು. ನೆರೆಯವರನ್ನು ಸವೆಸಿ ಬದುಕುವುದು ನಮ್ಮ ಬೀದಿಯಲ್ಲಿ ಉಂಟು, ಬಾಯಲ್ಲಿ ಬೇಡವ್ವ ಎಂದೆ. ಹಲ್ಲಿನ ಮುಖಕ್ಕೆ ತೆಳ್ಳನೆಯ ಪದರ ಅಂಟಿಸುವುದಕ್ಕೆ ವೆನೀರು ಎನ್ನುತ್ತಾರಂತೆ. ಸೀರೆಗೆ ಫಾಲ್ಸ್ ಹಚ್ಚಿದ ಹಾಗೆ ಎಂದು ನನಗೆ ಕೂಡಲೇ ಅರ್ಥವಾಯಿತು. ಕೊನೆಗೆ ಆಕೆ, “ಮಾವಾ, ನಿಮಗೆ ಇದ್ಯಾವ್ದೂ ಬ್ಯಾಡ. ನಿಮ್ಮ ಬೇರು ಗಟ್ಟಿ ಐತಿ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದ್ರೆ ಸಾಕು” ಅಂದಳು. ಹೊರಗೆ ಕಾಯುತ್ತಿದ್ದವರಿಗೂ ಕೇಳಲೆಂದು, ನನ್ನ ಬೇರು ಗಟ್ಟಿ ಎನ್ನುವ ಮಾತನ್ನು ಇನ್ನೊಮ್ಮೆ ಹೇಳಿಸಿದೆ.

ಆಮೇಲೆ ಬಣ್ಣದ ಮಾತು ಬಂತು. ಕಡ್ಡಿಗಳ ತುದಿಯಲ್ಲಿ ಸಾಲಾಗಿ ಮಾದರಿ ಹಲ್ಲುಗಳು, ಒಂದೊಂದೂ ಒಂದೊಂದು ಛಾಯೆ. ಸಭಿಕರೇ, ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಒಪ್ಪಿಕೊಳ್ಳುವ ಜವಳಿಯವನುಂಟೇ? ನನ್ನ ಅಂಗಡಿಗೆ ಬರುವ ಅಜ್ಜಿ ಕೂಡ ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಾಳೆ. ನಾನು ಆ ಹಲ್ಲಿನ ಸಾಲನ್ನು ಹಿಡಿದು, ಕೊರಳಿಗೆ ಕಟ್ಟಿದ್ದ ಕಾಗದದ ಹೊದಿಕೆಯ ಸಮೇತ ಬೀದಿಗಿಳಿದೆ. ಬಸ್ ನಿಲ್ದಾಣದಲ್ಲಿ ನಿಂತಿದ್ದವರೆಲ್ಲ ಸುತ್ತುವರಿದರು. ಎಳನೀರಿನವನು ಕಾಯಿ ಸೀಳಿ ಗಂಜಿಯನ್ನು ಆ ಹಲ್ಲುಗಳ ಪಕ್ಕಕ್ಕೆ ಹಿಡಿದು “ಇದು ದಾನ್ ವೆಳ್ಳೈ”, ಇದೇ ಬಿಳುಪು ಅಂದ. ಹೂವಿನವಳು ಮೊಗ್ಗು ಹಿಡಿದು “ಮಲ್ಲಿಗೈ ಮಾದಿರಿ ಪೋಡುಂಗ ಅಯ್ಯಾ, ಮಾಪ್ಪಿಳ್ಳೈ ಮಾದಿರಿ ಇರುಪ್ಪೀಂಗ” ಅಂದಳು. ಹಾದುಹೋಗುತ್ತಿದ್ದ ಬಸ್ಸಿನ ಕಂಡಕ್ಟರು ಕೂಡ ತಲೆ ಹೊರಹಾಕಿ “ಮೂಣಾವದು, ಮೂಣಾವದು” ಎಂದು ಮೂರನೆಯದಕ್ಕೆ ಮತ ಹಾಕಿ ಹೋದ. ಮಲ್ಲಿಗೆಯಂಥದು ಹಾಕಿಸಿದರೆ ಅಳಿಯನಂತೆ ಕಾಣುತ್ತೀರಿ ಎಂದ ಹೂವಿನವಳ ಪಕ್ಷಕ್ಕೇ ನಾನು ಸೇರಿದೆ.

ಭವಾನಿ ಓಡಿಬಂದಳು. “ಮಾವಾ, ಒಳಗ ಬರ್ರಿ. ಉಳಿದ ಹಲ್ಲಿಗೆ ಹೊಂದಬೇಕ್ರಿ ಅದು.”

“ಹೊಸಾ ಬಟ್ಟಿ ತಗೊಳ್ಳಾಗ ಹಳೇದನ್ನ ಯಾರು ನೋಡ್ತಾರವ್ವ? ಮಲ್ಲಿಗೀನೇ ಹಾಕು.”

ಹಾಕಿದಳು. ಎಲೆಯಡಿಕೆ ತಿಂದು ಕಂದಿದ ಬಾಯಿಯ ನಡುವೆ ಒಂದೇ ಒಂದು ಮಲ್ಲಿಗೆ. ವೀರೇಶ್ “ಅಪ್ಪಾ, ಒಳಗ ಯಾರೋ ಬ್ಯಾಟರಿ ಹಿಡದಂಗ ಕಾಣತೈತಿ” ಅಂದ. ನನ್ನ ಹೆಂಡತಿ ಬಸವಣ್ಣೆಮ್ಮ ಮಾತಿನಲ್ಲಿ ಬಲು ಜಿಪುಣೆ. ಬಂಧುಗಳೊಬ್ಬರ ಸಾವಿಗೆ ಹೊರಟಾಗ ಆಕೆ ಒಂದೇ ಮಾತು ಹೇಳಿದಳು. “ರೀ, ಅಲ್ಲಿ ಬಾಯಿ ತೆರೀಬ್ಯಾಡ್ರಿ. ಸಂತೋಷ ಪಟ್ಟಂಗ ಕಾಣತೈತಿ.”

ಹಾಗಾದರೆ ಉಳಿದವನ್ನೆಲ್ಲ ತಿಕ್ಕಿ ಬಿಳುಪು ಮಾಡು ಎಂದು ಭವಾನಿಗೆ ಹೇಳಿದೆ. “ರವಿಕಿಗೆ ಹೊಂದಲಿ ಅಂತ ಯಾರಾದ್ರೂ ಸೀರಿಗೆ ಬಣ್ಣ ಹಾಕಿಸ್ತಾರೇನು ಮಾವಾ?” ಎಂದು ಕೇಳಿದಳು. ಕತ್ತರಿಸಿದ ಬಟ್ಟೆ ವಾಪಸಿಲ್ಲ ಎಂದು ನನ್ನ ಅಂಗಡಿಯಲ್ಲಿ ದೊಡ್ಡ ಬೋರ್ಡಿದೆ. ಆ ಬೋರ್ಡಿನ ಯಜಮಾನ ಹೋಗಿ, ಹಲ್ಲು ವಾಪಸು ತಗೋ ಎಂದು ಬೇಡಬೇಕಾಯಿತು. ಆಕೆ ನಗಲಿಲ್ಲ. “ಹಗಲ ಬೆಳಕಿನಾಗ ನೋಡಿದ್ದು ಸರಿನೇ ಐತಿ ಮಾವಾ. ನಾವೂ ಹಂಗೇ ನೋಡ್ತೀವಿ. ಕಿಟಕಿ ಹತ್ರ ನೋಡ್ತೀವಿ, ಬಸ್ ಸ್ಟಾಪಿನಾಗ ಅಲ್ಲ” ಅಂದಳು. ಕಿಟಕಿಯ ಬಳಿ ಕೂರಿಸಿ, ನನ್ನ ಹಳೆಯ ಹಲ್ಲುಗಳ ಅರಿಶಿನ, ಕಂದು, ಅಂಚಿನ ಸವೆತ ಎಲ್ಲವನ್ನೂ ನೋಡಿ ಹೊಸ ಕ್ಯಾಪು ಮಾಡಿಸಿದಳು.

ಈಗ ನನ್ನ ಸಂಕಟ ಕೇಳಿ. ಯಾವುದು ಕಟ್ಟಿದ ಹಲ್ಲು ಎಂದು ಯಾರಿಗೂ ತಿಳಿಯುತ್ತಿಲ್ಲ. ಇಷ್ಟು ಚಂದದ ಮಾಲು ಬಾಯಲ್ಲಿದ್ದೂ ತೋರಿಸಿ ಮೆರೆಯುವಂತಿಲ್ಲ. ಇದು ಸಿಂಗಾರವೇ, ಕಾರ್ಯದರ್ಶಿಗಳೇ? ಎದ್ದು ಬನ್ನಿ. ಸಿಂಗಾರ ಎಲ್ಲಿದೆ, ಬೆರಳಿಟ್ಟು ತೋರಿಸಿ. ತೋರಿಸಿಬಿಟ್ಟರೆ ಕೋಣೆಯ ಆಸೆ ಇಲ್ಲಿಗೇ ಬಿಟ್ಟೆವು. ಭವಾನಿ, ತಲೆ ಮ್ಯಾಲೆ ಕೈ ಇಟ್ಕೋಬ್ಯಾಡವ್ವ, ನಾನಿದ್ದೀನಿ.

ಬನ್ನಿ ಸಾರ್. ಮೊಬೈಲಿನ ಬೆಳಕು ಹಾಕಿಕೊಳ್ಳಿ. ಅಧ್ಯಕ್ಷರು ಮೈಕು ಹಿಡಿದುಕೊಳ್ಳಲಿ. ಇನ್ನೂ ಹತ್ತಿರ ಬನ್ನಿ. ಆ… ಆಆ…

ಅದಲ್ಲ ಸಾರ್. ಅದು ನಮ್ಮವ್ವ ಕೊಟ್ಟದ್ದು. ಇನ್ನೊಂದು ಸಲವೇ? ನೋಡಿ, ಧಾರಾಳವಾಗಿ ನೋಡಿ. ಆಆ… ಅದೂ ಅಲ್ಲ.

ಮುಂದಿನ ಸಾಲಿನವರು ಯಾಕೆ ಹೀಗೆ ತಲೆ ತಗ್ಗಿಸಿದರು ಎಂದು ಹಿಂದಿನವರು ಕೇಳಬಹುದು. ಸಭಿಕರೇ, ಇನ್ನೊಬ್ಬರ ಬಾಯೊಳಗೆ ಇಣುಕುವ ಮನುಷ್ಯ ತನ್ನ ಬಾಯನ್ನೂ ತೆರೆಯುತ್ತಾನೆ. ಮಗುವಿಗೆ ತುತ್ತು ಕೊಡುವ ತಾಯಿಯನ್ನು ನೀವು ನೋಡಿಲ್ಲವೇ? ಕಾರ್ಯದರ್ಶಿಗಳೂ ತೆರೆದರು. ಬೆಳಕು ಅವರ ಕೈಯಲ್ಲೇ ಇತ್ತು. ಆದರೂ ಮುಂದಿನ ಸಾಲಿನವರು ಏನೂ ನೋಡಲಿಲ್ಲ. ಅವರ ಮೇಲಿನ ದವಡೆಯಲ್ಲಿ ಎಷ್ಟು ಹಲ್ಲಿದೆ, ಎಷ್ಟಿಲ್ಲ ಎಂದು ನಾನಂತೂ ಖಂಡಿತ ನೋಡಲಿಲ್ಲ.

ಈಗ ಅವರು ನನ್ನ ಕಿವಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಕಿವಿಯಲ್ಲಿ ಕೇಳಿದ್ದನ್ನು ಮೈಕಿನಲ್ಲಿ ಹೇಳುವ ಮನುಷ್ಯ ನಾನಲ್ಲ. ಉತ್ತರವನ್ನಷ್ಟೇ ಹೇಳುತ್ತೇನೆ. ಇದೆ ಸಾರ್. ಕೆಳಗಿನ ಕೋಣೆಗೆ ಹಿಂಬಾಗಿಲಿದೆ. ಗಲ್ಲಿಯ ಕಡೆಯಿಂದ ಬಂದರೆ ಯಾರಿಗೂ ಕಾಣುವುದಿಲ್ಲ.

ಅಧ್ಯಕ್ಷರೇ, ಕಾರ್ಯದರ್ಶಿಗಳು ಜೇಬಿನಿಂದ ಕೀಲಿಕೈ ತೆಗೆದು ಭವಾನಿಯ ಕಡೆಗೆ ಚಾಚಿದ್ದಾರೆ. ಇದಕ್ಕಿಂತ ಬೇರೆ ಮತ ಬೇಕೇ? ಹಸಿದ ಹೊಟ್ಟೆಯಲ್ಲೂ ನನ್ನ ಬಾಯನ್ನು ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ಏಳಿ, ಊಟ ಆರುತ್ತಿದೆ. ನಮಸ್ಕಾರ.