ತಿರುಗಿ ಬರುವ ದಾರಿಯ ವಿಮೆ

ವೇದಿಕೆಯ ನಡುವಿನ ಕುರ್ಚಿಯನ್ನು ತುಂಬಿರುವ ಅಧ್ಯಕ್ಷರಾದ ಬಸವಣಪ್ಪ ಸಾಹುಕಾರರೇ, ಅವರ ಪಕ್ಕದಲ್ಲಿ ಹೂವಿನ ಹಾರದೊಳಗೆ ಅರ್ಧ ಮುಚ್ಚಿಹೋಗಿರುವ, ನಾಳೆ ಹಜ್ ಯಾತ್ರೆಗೆ ಹೊರಡಲಿರುವ ನಮ್ಮ ಅಬ್ದುಲ್ ಕರೀಂ ಅವರೇ, ಹುಮನಾಬಾದಿನ ವರ್ತಕರ ಸಂಘದ ಹಿರಿಯರೇ, ಪರದೆಯ ಆಚೆ ಕುಳಿತಿರುವ ತಾಯಂದಿರೇ, ಅಭಿಮಾನದಿಂದಲೋ ಹೊರಗೆ ಹಿಡಿದಿರುವ ಮಳೆಯಿಂದಲೋ ಇಲ್ಲಿ ಉಳಿದುಕೊಂಡಿರುವ ಸಭಿಕರೇ,

ನಾನು ಬಕ್ಕಪ್ಪ, ವಿಮಾ ಏಜೆಂಟ. ಕರೀಂಭಾಯಿಯವರನ್ನು ಹೊಗಳುವ ಕೆಲಸವನ್ನು ನನಗಿಂತ ಮುಂಚೆ ಮಾತಾಡಿದವರು ಹಂಚಿಕೊಂಡು ಮುಗಿಸಿದ್ದಾರೆ. ಪ್ರಯಾಣದ ವಿಮೆ ಎಂದರೇನು, ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಸಭೆಗೆ ತಿಳಿಸಿಕೊಡಬೇಕೆಂದು ನನಗೆ ಅಧ್ಯಕ್ಷರ ಅಪ್ಪಣೆಯಾಗಿದೆ. ಬೀಳ್ಕೊಡುವ ಸಭೆಯಲ್ಲಿ ಕೈಕಾಲು ಮುರಿಯುವ ಮಾತು ಬೇಕೇ ಎಂದು ಕೇಳಿದೆ. ಜನ ಸೇರಿದಾಗಲೇ ಹೇಳಿಬಿಡು ಎಂದರು. ಹೇಳುತ್ತೇನೆ.

ವಿಮೆ ಹೊಸದೇನಲ್ಲ. ಮನೆಯವರು ದೂರದ ಊರಿಗೆ ಹೊರಟರೆ ಮುಸಲ್ಮಾನರ ಹೆಣ್ಣುಮಕ್ಕಳು ಬಟ್ಟೆಯ ಚೂರಿನಲ್ಲಿ ನಾಣ್ಯ ಸುತ್ತಿ ತೋಳಿಗೆ ಕಟ್ಟುತ್ತಾರೆ. ಇಮಾಮ್ ಜಾಮಿನ್ ಎನ್ನುತ್ತಾರೆ ಅದಕ್ಕೆ. ಸುಖವಾಗಿ ಮುಟ್ಟಿದ ಮೇಲೆ ಆ ನಾಣ್ಯ ಬಡವರಿಗೆ ಹೋಗುತ್ತದೆ. ನಮ್ಮ ಕಂಪನಿಯ ಪದ್ಧತಿ ಸ್ವಲ್ಪ ಬೇರೆ. ಸುಖವಾಗಿ ಮುಟ್ಟಿದರೆ ದುಡ್ಡು ಕಂಪನಿಗೆ, ಮುಟ್ಟದಿದ್ದರೆ ಮನೆಯವರಿಗೆ. ಇದನ್ನು ಜನರಿಗೆ ಒಪ್ಪಿಸುವುದರಲ್ಲಿ ನನ್ನ ಚಪ್ಪಲಿಗಳು ಸವೆದಿವೆ. ಕೊಹಿನೂರಿನ ಗೌಡರೊಬ್ಬರು ಸೊಲ್ಲಾಪುರಕ್ಕೆ ಹೋಗಿ ಬಂದವರೇ ನನ್ನ ಬಾಗಿಲಲ್ಲಿ ನಿಂತು ಜಗಳ ತೆಗೆದರು. "ಏನೂ ಆಗಲಿಲ್ಲಲ್ಲೋ ಬಕ್ಕಪ್ಪ, ನನ್ನ ರೊಕ್ಕ ತಿರುಗಿ ಕೊಡು" ಎಂದರು. ತನ್ನ ಕೈಕಾಲು ನೆಟ್ಟಗಿರುವುದಕ್ಕೆ ಅಷ್ಟೊಂದು ಬೇಜಾರು ಮಾಡಿಕೊಂಡ ಮನುಷ್ಯನನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಹಾಗಾದರೆ ಏನು ಸಿಗುತ್ತದೆ? ರೈಲು ಹಳಿ ತಪ್ಪಿ, ಮೋಟಾರು ಉರುಳಿ, ಹಡಗು ಮುಳುಗಿ ಪ್ರಾಣ ಹೋದರೆ, ಕಾಗದದಲ್ಲಿ ಯಾರ ಹೆಸರು ಬರೆಸಿದ್ದೀರೋ ಅವರಿಗೆ ಪೂರ್ತಿ ಹಣ. ಕೈ ಹೋದರೆ, ಕಾಲು ಹೋದರೆ, ಕಣ್ಣು ಹೋದರೆ ಒಂದೊಂದಕ್ಕೂ ಒಂದೊಂದು ಲೆಕ್ಕ. ಏನು ಸಿಗುವುದಿಲ್ಲ? ದಾರಿಯಲ್ಲಿ ವಾಂತಿಭೇದಿ ಬಡಿದು ಸತ್ತರೆ ಸಿಗುವುದಿಲ್ಲ. ಓಡುವ ರೈಲಿನಿಂದ ತಾನೇ ಜಿಗಿದರೆ ಸಿಗುವುದಿಲ್ಲ. ಯುದ್ಧ, ದಂಗೆ, ಗದ್ದಲಗಳಲ್ಲಿ ಏನಾದರೂ ಆದರೆ ಸಿಗುವುದಿಲ್ಲ. ಈ ಕಡೆಯ ಮಾತನ್ನು, ಎರಡು ವರ್ಷದ ಹಿಂದಿನ ಪೊಲೀಸ್ ಆಕ್ಷನ್ನಿನ ಭಾದ್ರಪದವನ್ನು ಕಂಡಿರುವ ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಕ್ಕೆ ಹೋಗೋಣ.

ಹೋಗುವ ದಾರಿಗೊಂದು ವಿಮೆ, ಬರುವ ದಾರಿಗೊಂದು ವಿಮೆ. ಬೇಕಾದವರು ಎರಡನ್ನೂ ಮಾಡಿಸಬಹುದು. ಮಾಡಿಸಲೇಬೇಕು ಎನ್ನುತ್ತೇನೆ ನಾನು. ಹದಿನೈದು ದಿನದ ಕೆಳಗೆ ಕಲ್ಯಾಣಿ ಊರಿಗೆ ಹೋಗಿ, ಕರೀಂಭಾಯಿಯವರ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತು, "ಹೋಗೂದು ಬರೂದು ಎರಡೂ ಬರೀಲೇನ್ರಿ?" ಎಂದು ಕೇಳಿದೆ. "ಹೋಗೂದಷ್ಟ ಬರಿ" ಎಂದರು. ಹೆಂಡತಿ ಹಜಿರಾ ಬೀ ಅವರ ಹೆಸರು ಹೇಳಿ ಸಹಿ ಹಾಕಿದರು. ಸಹಿ ಆದ ಮೇಲೆ ಏಜೆಂಟನಾದವನು ಪ್ರಶ್ನೆ ಕೇಳಬಾರದು. ನಾನು ಕೇಳಲಿಲ್ಲ.

ಆದರೆ ಮಹನೀಯರೇ, ಮನುಷ್ಯನಿಗೆ ವಿಚಾರ ಬರುವುದಿಲ್ಲವೇ? ಅವರ ಒಬ್ಬಳೇ ಮಗಳು ಶಹಜಾದಿ ಗಂಡನ ಸಂಗಡ ಕರಾಚಿ ಸೇರಿ ಎರಡು ವರ್ಷವಾಯಿತು. ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಮಂಠಾಳದ ಸಂತೆ ತೋರಿಸಿದವನು ನಾನು. ಮಕ್ಕಾದ ಕಡೆಯಿಂದ ಹೊರಡುವ ಹಡಗುಗಳೆಲ್ಲ ಮುಂಬಯಿಗೇ ಬರುವುದಿಲ್ಲ, ಕರಾಚಿಗೂ ಹೋಗುತ್ತವೆ. ಅಲ್ಲಿ ಒಮ್ಮೆ ಇಳಿದವರಿಗೆ ತಿರುಗಿ ಬರಲು ಪರ್ಮಿಟ್ಟು ಸಿಗುವುದು ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತಿದೆ. ಅದೇ ವಾರ ಕರೀಂಭಾಯಿ ಕಲ್ಯಾಣಿಯಲ್ಲೂ ಇಲ್ಲಿಯೂ ಓಣಿ ಓಣಿ ತಿರುಗಿ, ಒಂದೊಂದು ಮನೆಯ ಮುಂದೆಯೂ ನಿಂತು, "ಅಂದದ್ದು ಆಡಿದ್ದು ಮಾಫ್ ಮಾಡ್ರಿ" ಎಂದು ಕೈ ಹಿಡಿದು ಬಂದರು. ಹಜ್‌ಗೆ ಹೊರಟವರು ಹಾಗೆ ಕೇಳಿಕೊಳ್ಳುವುದು ಅವರ ಹಿರಿಯರ ಕಾಲದಿಂದಲೂ ಉಂಟು. ಮೊದಲಾಗಿದ್ದರೆ ನಾವು ಅವರಿಗೆ ಚಹಾ ಕುಡಿಸಿ, ನಮ್ಮ ಹೆಸರಿನಲ್ಲೂ ಒಂದು ದುವಾ ಕೇಳಿ ಬರ್ರಿ ಎಂದು ಕಳಿಸುತ್ತಿದ್ದೆವು. ಈ ಸಲ ಅವರು ಮುಂದಿನ ಮನೆಗೆ ಹೋಗುವಷ್ಟರಲ್ಲಿ ಹಿಂದಿನ ಮನೆಯವರು, "ಇಂವಾ ಕಾಯಮ್ ಹೊಂಟ" ಎಂದುಕೊಂಡರು.

ಒಂದು ದಾರಿಯ ವಿಮೆಯ ಸುದ್ದಿ ಊರಿಗೆ ಹೇಗೆ ಗೊತ್ತಾಯಿತು ಎಂದು ಕೆಲವರು ನನ್ನನ್ನು ವಾರೆಗಣ್ಣಿನಿಂದ ನೋಡುತ್ತಿದ್ದಾರೆ. ಊರಿಗೆಲ್ಲ ಡಂಗುರ ಹೊಡೆಯುವವನು ನಾನಲ್ಲ. ನಾನು ಹೇಳಿದ್ದು ಒಬ್ಬರೇ ಒಬ್ಬರ ಮುಂದೆ. ಅವರು ಈ ಹೊತ್ತು ನಡುವಿನ ಕುರ್ಚಿಯಲ್ಲಿ ಕುಳಿತಿದ್ದಾರೆ. ಅಂಥ ದೊಡ್ಡವರ ಬಾಯಿಂದ ಮಾತು ಹೊರಗೆ ಬೀಳುತ್ತದೆಯೇ? ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ, ಯಾರಾದರೂ ನೀರು ಕೊಡಿ. ಆಮೇಲೆ ಕರೀಂಭಾಯಿಯವರ ಮನೆಯ ಬೆಲೆ ಕೇಳಲು ಜನ ಬಂದದ್ದು ನಿಜ. ಒಬ್ಬರು ಬಾವಿಗೆ ಹಗ್ಗ ಇಳಿಬಿಟ್ಟು ನೀರೆಷ್ಟಿದೆ ಎಂದು ಕೂಡ ನೋಡಿ ಹೋದರಂತೆ. ಯಾರು ಎಂದು ನಾನು ಹೇಳುವುದಿಲ್ಲ. ಸಭಾಮರ್ಯಾದೆ ಎಂಬುದೊಂದಿದೆ.

ಬೆಲೆ ಕೇಳುವವರು ಬಂದ ಮರುದಿನ ಹಜಿರಾ ಬೀ ಕಲ್ಯಾಣಿಯಿಂದ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ರುಕ್ಮಿಣಿಬಾಯಿ ಕೊಟ್ಟ ನೀರನ್ನೂ ಕುಡಿಯದೆ, "ಭಾಯಿ, ಖರೇ ಹೇಳ್ರಿ. ಇವ್ರು ತಿರುಗಿ ಬರಂಗಿಲ್ಲೇನು? ಮನಿ ಕೇಳಾಕ ಮಂದಿ ಬರಾಕತ್ತಾರ. ನನಗ ಹೇಳದ್ದು ನಿಮಗ ಹೇಳ್ಯಾರೇನು?" ಎಂದರು. ಮದುವೆಯಾಗಿ ಮೂವತ್ತು ವರ್ಷ ಬಾಳಿದ ಹೆಣ್ಣುಮಗಳು ತನ್ನ ಗಂಡನ ಮನಸ್ಸಿನಲ್ಲಿ ಏನಿದೆ ಎಂದು ವಿಮಾ ಏಜೆಂಟನನ್ನು ಕೇಳುವ ಕಾಲ ಬಂತು ನೋಡಿ. ಗೊತ್ತಿಲ್ಲ ಎಂದೆ. ಅವರು ಎದ್ದು ಹೋದರು.

ಅದೇ ಸಂಜೆ ಕಲ್ಯಾಣಿಗೆ ಹೋಗಿ, ಏಜೆಂಟನು ಕೇಳಬಾರದ್ದನ್ನು ಕೇಳಿದೆ. ಕರೀಂಭಾಯಿ ಯಾರಿಗೋ ಲಂಗದ ಬಟ್ಟೆ ಅಳೆಯುತ್ತಿದ್ದರು. ಗಜಕಡ್ಡಿ ಕೆಳಗಿಡಲಿಲ್ಲ. "ಬಕ್ಕಪ್ಪ, ಮಕ್ಕಾಕ್ಕ ಹೋಗೂದು ಸಫರ್, ಪ್ರಯಾಣ. ಕಲ್ಯಾಣಿಗಿ ಬರೂದು ಸಫರ್ ಹ್ಯಾಂಗ ಆಗ್ತದ? ಮನಿಗಿ ಬರಾಕ ಬೀಮಾ ಮಾಡಿಸ್ದಾಂವನ್ನ ಎಲ್ಲರ ನೋಡೀದೇನು?" ಎಂದರು. "ಹಡಗ ಮುಳುಗೂದು ಎರಡೂ ಕಡಿ ಒಂದ ಅದರಿ" ಎಂದೆ. ನಕ್ಕರು. "ಹಂಗಾದ್ರ ಶಹಜಾದಿ?" ಎಂದೆ. ಆಗ ನಗಲಿಲ್ಲ. ಬಟ್ಟೆಯನ್ನು ಮತ್ತೊಮ್ಮೆ ಮೊದಲಿನಿಂದ ಅಳೆದರು.

ಸಭಿಕರೇ, ವಿಷಯಕ್ಕೆ ಬರುತ್ತೇನೆ. ವಿಮೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ತಾನೇ ವಿಷಯ? ಕರೀಂಭಾಯಿ ಹೋಗುವ ಹಡಗು ಮುಳುಗಿದರೆ ಹಜಿರಾ ಬೀ ಅವರಿಗೆ ಹಣ ಸಿಗುತ್ತದೆ. ಹಡಗು ಮುಳುಗದೆ ಅವರು ಬೇರೆ ದಡದಲ್ಲಿ ಇಳಿದುಬಿಟ್ಟರೆ ಏನೂ ಸಿಗುವುದಿಲ್ಲ. ಹಜಿರಾ ಬೀ ಅವರಿಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ. ಎಷ್ಟು ಕಂತು ಕಟ್ಟುತ್ತೇನೆಂದರೂ ಯಾವ ಕಂಪನಿಯೂ ಅದಕ್ಕೆ ಒಪ್ಪುವುದಿಲ್ಲ. ನಾನು ಪುಸ್ತಕ ಪೂರ್ತಿ ತಿರುವಿ ಹಾಕಿ ನೋಡಿದ್ದೇನೆ.

ಬರೆದುಕೊಂಡು ಬಂದ ಭಾಷಣ ಇಲ್ಲಿಗೆ ಮುಗಿಯಿತು. ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ಇನ್ನೊಂದೇ ಮಾತು, ಅದು ಸಭೆಗಲ್ಲ.

ಕರೀಂಭಾಯಿ, ಮಗಳ ಮಾರಿ ನೋಡಬ್ಯಾಡ್ರಿ ಅಂತ ನಿಮಗ ಹ್ಯಾಂಗ ಹೇಳ್ಲಿ? ನಾ ಹೇಳಂಗಿಲ್ಲ. ಯಾರೂ ಹೇಳಬಾರದು. ಆದರ ನಿಮ್ಮ ಮನಿ ಮುಂದ ಯಾರರ ಬೆಲಿ ಕೇಳಾಕ ಬಂದ್ರ, ಇವತ್ತಿನಿಂದ ನಾ ಅಲ್ಲಿ ಕಟ್ಟಿ ಮ್ಯಾಲ ಕುಂತಿರ್ತೀನಿ. ನೀವು ಬರೂತನಕ ಕುಂತಿರ್ತೀನಿ. ನನಗ ವಯಸ್ಸಾಗೇದ, ಭಾಳ ದಿನ ಕುಂಡ್ರಸಬ್ಯಾಡ್ರಿ.

ನಮಸ್ಕಾರ.