ನೈಟ್ ವಾಚ್‌ಮನ್ ಕಾರ್ಡು

ಗೋಥೆನ್‌ಬರ್ಗಿನ ಟ್ರಾಮಿನಲ್ಲಿ ಎದುರಿನ ಸೀಟಿನಿಂದ ಕನ್ನಡ ಕೇಳಿಸಿದ್ದೇ ತಡ, ಫೆಹ್ಮಿದಾಳ ಫೋನು ಮಡಿಲಿಗೆ ಇಳಿಯಿತು. ಅಲ್ಲಿ ಕೂತಿದ್ದವರು ಒಬ್ಬ ಅಪ್ಪ, ಹತ್ತು ವರ್ಷದ ಮಗಳು. ಮಗಳು ತನ್ನ ಆಟದ ಕಾರ್ಡುಗಳನ್ನು ಗೆಳತಿಯರೊಡನೆ ಅದಲುಬದಲು ಮಾಡಿಕೊಳ್ಳಲು ಹೊರಟಿದ್ದಳು.

"ಕೃತಿ, ಈ ಹೆಸರು ಇಟ್ಟವನು ಪಕ್ಕಾ ಕ್ರಿಕೆಟ್ ಹುಚ್ಚ ಕಣೇ. ನೋಡು, ನೈಟ್ ವಾಚ್‌ಮನ್!"

"ಅಪ್ಪಾ, ಅವನು ಕೋಟೆ ಕಾಯೋನು. ಕೈಯಲ್ಲಿ ಲಾಟೀನು ಇದೆ ನೋಡು. ನಿನಗೆ ಎಲ್ಲದ್ರಲ್ಲೂ ಕ್ರಿಕೆಟ್ಟೇ."

"ಅವನ ಪವರ್ ಏನು?"

"ಡ್ರ್ಯಾಗನ್ ಬದಲು ತಾನು ಮುಂದೆ ಹೋಗಿ ಸಾಯ್ತಾನೆ. ವೇಸ್ಟ್ ಕಾರ್ಡು, ಇವತ್ತು ಕೊಟ್ಬಿಡ್ತೀನಿ."

"ಅದೇ ಮತ್ತೆ! ಎರಡು ದಿನದ ಮ್ಯಾಚಲ್ಲಿ ಸಂಜೆ ವಿಕೆಟ್ ಬಿದ್ರೆ ಒಳ್ಳೆ ಬ್ಯಾಟ್ಸ್‌ಮನ್ನ ಕಳಿಸಲ್ಲ. ಔಟಾದ್ರೂ ಪರವಾಗಿಲ್ಲ ಅನ್ನೋನನ್ನ ಕಳಿಸ್ತಾರೆ. ಅವನೇ ನೈಟ್ ವಾಚ್‌ಮನ್. ನನ್ನನ್ನೇ ಎಷ್ಟು ಸಲ..."

ಅಪ್ಪ ಥಟ್ಟನೆ ಬಾಯಿ ಮುಚ್ಚಿಕೊಂಡ.

"ಕಾಲೇಜ್ ಟೀಮಲ್ಲಿ ಮೂರನೇ ನಂಬರ್ ಆಡ್ತಿದ್ದೆ ಅಂತಿದ್ಯಲ್ಲಪ್ಪ?"

"ಆಡ್ತಿದ್ದೆ. ಸಂಜೆ ಹೊತ್ತು."

"ಬೆಳಿಗ್ಗೆ?"

"ಹನ್ನೊಂದನೇ ನಂಬರು."

ಫೆಹ್ಮಿದಾ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದಳು.

"ಹೆದರಿಕೆ ಆಗ್ತಿರ್ಲಿಲ್ವಾ?" ಕೃತಿ ಕೇಳಿದಳು.

"ಆಗದೇ ಇರುತ್ತಾ? ಹೆಲ್ಮೆಟ್ಟೂ ಬೇರೆಯವರದ್ದು, ಕಣ್ಣಿನ ಮೇಲೆ ಜಾರ್ತಿತ್ತು."

"ಆದ್ರೂ ಹೋಗ್ತಿದ್ದೆ?"

"ಯಾರಾದ್ರೂ ಹೋಗ್ಬೇಕಲ್ಲ, ಪುಟ್ಟಿ."

ಟ್ರಾಮು ನಿಂತಿತು. ಇಬ್ಬರೂ ಎದ್ದರು.

"ಆ ಕಾರ್ಡು ಕೊಡು, ಬದಲಾಯಿಸೋ ಕಟ್ಟಿಗೆ ಸೇರಿಸ್ತೀನಿ," ಎಂದ ಅಪ್ಪ.

ಕೃತಿ ಅದನ್ನು ಜಾಕೆಟ್ಟಿನ ಒಳಜೇಬಿಗೆ ಸೇರಿಸಿ ಜಿಪ್ಪು ಎಳೆದಳು.

"ಬೇಕಾದ್ರೆ ಡ್ರ್ಯಾಗನ್ ಕೊಡ್ತೀನಿ," ಎನ್ನುತ್ತಾ ಅಪ್ಪನ ಕೈ ಹಿಡಿದು ಇಳಿದುಹೋದಳು.